ಸ್ಮರಣಾರ್ಥ

ನಮ್ಮ ಕಡೆ ಸತ್ತವರು ತಲೆಯ ಮೇಲೆ ತಿರುಗುತ್ತಿರುತ್ತಾರೆ. ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಯಾವುದಾದರೂ ಮಠಕ್ಕೋ ಸಮುದಾಯ ಭವನಕ್ಕೋ ಕನ್ನಡ ಸಾಲೆಗೋ ಹೋಗಿ ಕತ್ತೆತ್ತಿ ನೋಡಿ. ಫ್ಯಾನಿನ ಮೂರೂ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದಿರುತ್ತದೆ. ಒಂದರಲ್ಲಿ 'ದಿ.' ಸೇರಿಸಿದ ಹೆಸರು, ಇನ್ನೊಂದರಲ್ಲಿ ಅಡ್ಡಹೆಸರು, ಮೂರನೆಯದರಲ್ಲಿ 'ಇವರ ಸ್ಮರಣಾರ್ಥ'. ತಿರುಗುವಾಗ ಒಂದಕ್ಷರವೂ ಓದಲು ಬರುವುದಿಲ್ಲ. ಕರೆಂಟು ಹೋದಾಗ ಮಾತ್ರ ಹಿರಿಯರು ನಿಧಾನಕ್ಕೆ ನಿಂತು ತಮ್ಮ ಹೆಸರು ಹೇಳುತ್ತಾರೆ. ಆ ಹೊತ್ತಿಗೆ ಕೆಳಗೆ ಕೂತವರೆಲ್ಲ ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತ ಕರೆಂಟಿನವರ ಮನೆತನ ಎಣಿಸುತ್ತಿರುತ್ತಾರೆ. ಬೇರೆಯವರ ಮದುವೆಗಳಲ್ಲಿ ಅಕ್ಷತೆಗೆ ಕಾಯುತ್ತ ಕೂತು, ಹೀಗೆ ಓದಿ ಓದಿಯೇ ನಮ್ಮ ತಾಲೂಕಿನ ಅರ್ಧ ವಂಶಾವಳಿ ನನಗೆ ಬಾಯಿಪಾಠವಾಗಿದೆ.

ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೂ ಈ ಮಾತು ಬಂತು: ಅವ್ವನ ಹೆಸರಲ್ಲಿ ಏನು ಮಾಡೋದು? ಕಾಕಾನ ಮನಸ್ಸು ಸಮಾಧಿಯ ಮೇಲಿತ್ತು. "ಹೊಲದಾಗ ಚಂದಂಗ ಒಂದು ಕಟ್ಟಿ ಕಟ್ಟಿಸಿ ಗ್ರಾನೈಟ್ ಹಚ್ಚೂಣು. ಇಳಕಲ್ಲೇನ್ ದೂರ ಐತಿ?" ತಮ್ಮನದು ಈ ಕಾಲದ ಬುದ್ಧಿ. ವರ್ಷವರ್ಷ ಬಸ್‌ಸ್ಟ್ಯಾಂಡಿನ ಎದುರು 'ಭಾವಪೂರ್ಣ ಶ್ರದ್ಧಾಂಜಲಿ'ಯ ಫ್ಲೆಕ್ಸು ಹಾಕಿಸಬೇಕು, ಕೆಳಗೆ ನಮ್ಮೆಲ್ಲರ ಸಣ್ಣ ಸಣ್ಣ ಫೋಟೊ ಇರಬೇಕು. ಅಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಗೆ ಬಂದಳು. "ಜೀವ ಇದ್ದಾಗ ಒಂದು ಫೋಟೊಕ್ಕ ನೆಟ್ಟಗ ನಿಂದ್ರಾಕಿ ಅಲ್ಲ. ಅಂಥಾಕಿನ್ನ ತಂದು ಬಸ್‌ಸ್ಟ್ಯಾಂಡಿನ್ಯಾಗ ನಿಂದ್ರಸ್ತಿಯೇನೋ?"

ಅವಳ ಮಾತು ಸುಳ್ಳಲ್ಲ. ಗೋಡೆಗೆ ಹಾಕಲು ಫೋಟೊ ಹುಡುಕಿದರೆ ಸಿಕ್ಕದ್ದು ಆಧಾರ್ ಕಾರ್ಡಿನದು ಮಾತ್ರ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖದಂಥದ್ದು. ಸ್ಟುಡಿಯೋದ ಹುಡುಗ ಅದನ್ನೇ ದೊಡ್ಡದು ಮಾಡಿ, ಹಿಂದೆ ಒಂದು ಜಲಪಾತ ಇಟ್ಟು, ಸೆರಗಿಗೆ ಹಸಿರು ಬಣ್ಣ ಬಳಿದು ಕೇಳಿದ: "ಬೇಕಂದ್ರ ಕೊಳ್ಳಾಗ ಬೋರಮಾಳ ಹಾಕ್ತೀನ್ರಿ. ರೊಕ್ಕ ಏನ್ ಹೆಚ್ಚಿಗಿ ಇಲ್ಲ." ಬ್ಯಾಡ ಅಂದೆ. ಅಕ್ಕ ಹಾಕು ಅಂದಳು. ಅವ್ವ ಈಗ ನಡುಮನೆಯಲ್ಲಿ ಬೋರಮಾಳ ಹಾಕಿಕೊಂಡು ಜಲಪಾತದ ಮುಂದೆ ಕೂತಿದ್ದಾಳೆ.

ಇದೆಲ್ಲ ಆಮೇಲಿನ ಮಾತು. ಮೊದಲ ದಿನಗಳಲ್ಲಿ ದುಃಖ ಪಡುವುದಕ್ಕೂ ನಮ್ಮಲ್ಲಿ ಒಬ್ಬರನ್ನೇ ಬಿಡುವುದಿಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರೇ ಬುತ್ತಿ ತರುತ್ತಾರೆ. ಒಬ್ಬರ ಮನೆಯಿಂದ ಅನ್ನ ಸಾರು, ಇನ್ನೊಬ್ಬರ ಮನೆಯಿಂದ ರೊಟ್ಟಿ, ಮತ್ತೊಬ್ಬರ ಮನೆಯಿಂದ ಚಹಾ ತುಂಬಿದ ಕೆಟಲಿ. ಹಸಿವಿಲ್ಲ ಅಂದರೆ ಯಾರೂ ಕೇಳುವುದಿಲ್ಲ, "ಹೋದಾಕಿ ಬರ್ತಾಳೇನು? ಉಣ್ಣು" ಎಂದು ಗಂಗಾಳ ಮುಂದಿಡುತ್ತಾರೆ. ಕೇಳಲು ಒರಟು, ಆದರೆ ಆ ಹೊತ್ತಿಗೆ ಹೊಟ್ಟೆಗೆ ಹೋಗುವುದು ಆ ಮಾತೇ. ಶರಣರು ಸಾವಿಗೆ ಸೂತಕವಿಲ್ಲ ಎಂದರು. ಹೌದು ಹೌದು ಎನ್ನುತ್ತೇವೆ ನಾವು, ಮಣ್ಣು ಮಾಡಿ ಬಂದು ಹಿತ್ತಲಲ್ಲೇ ತಲೆಗೆ ನೀರು ಸುರಿದುಕೊಂಡು ಒಳಗೆ ಹೋಗುತ್ತೇವೆ. ಬಸವಣ್ಣನಿಗೂ ಓಣಿಗೂ ನಡುವೆ ಇಂಥ ಸಣ್ಣಪುಟ್ಟ ರಾಜಿ ಸಾಕಷ್ಟಿವೆ.

ಹೆಂಗಸರು ಹಾಡ್ಯಾಡಿ ಅಳುವುದನ್ನು ನೀವು ಕೇಳಿರಬೇಕು. ಕೇಳದಿದ್ದರೆ ಇನ್ನು ಮುಂದೆ ಕೇಳುವುದು ಕಷ್ಟ. ಅಳುವ ಗಂಟಲುಗಳು ಒಂದೊಂದಾಗಿ ಕಡಿಮೆಯಾಗುತ್ತಿವೆ, ಅವರಿಗಾಗಿ ಹಾಗೆ ಅಳುವವರು ಉಳಿದಿಲ್ಲ. ನಮ್ಮ ಸೋದರತ್ತೆ ಬಾಗಿಲಿಗೆ ಬಂದಾಗ ಸುಮ್ಮನೇ ಇದ್ದಳು. ಒಳಗೆ ಬಂದು, ಅವ್ವನ ಪಕ್ಕ ಕೂತು, ಸೆರಗು ಸರಿಮಾಡಿಕೊಂಡು, ಆಮೇಲೆ ತೆಗೆದಳು ದನಿ. ಒಂದು ತಾಸಿನಲ್ಲಿ ಅವ್ವನ ಇಡೀ ಬದುಕು ರಾಗವಾಗಿ ಬಂತು. ಯಾವ ಬರಗಾಲದಲ್ಲಿ ಎಮ್ಮೆ ಮಾರಿದಳು, ಯಾವ ಮೈದುನ ಪಾಲಿನಲ್ಲಿ ಮೋಸ ಮಾಡಿದ (ಆ ಮೈದುನ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ, ನೆಲ ನೋಡತೊಡಗಿದ), ಯಾರ ಬಾಣಂತನ ಎಲ್ಲಿ ಮಾಡಿದಳು. ನಡುವೆ ಕಾಲಕಾಲೇಶ್ವರನ ಜಾತ್ರೆಯ ಕಥೆ ಬಂತು. ಹೊಸ ಮದುವಣಗಿತ್ತಿಯಾಗಿದ್ದಾಗ ಅವ್ವ, ಈ ಅತ್ತೆಯನ್ನೇ ಜೋಡಿ ಮಾಡಿಕೊಂಡು, ಅತ್ತೆಮನೆಯ ಹಿರಿಯರ ಕಣ್ಣು ತಪ್ಪಿಸಿ ಕಂಪನಿ ನಾಟಕಕ್ಕೆ ಓಡಿಹೋಗಿದ್ದಳಂತೆ. ತಿರುಗಿ ಬಂದಾಗ ಬಾಗಿಲು ತೆಗೆಯದೆ ಬೆಳತನಕ ದನದ ಕೊಟ್ಟಿಗೆಯಲ್ಲಿ ಕೂಡಿಸಿದ್ದರಂತೆ. ಇಷ್ಟು ವರ್ಷ ಮಗನಾಗಿದ್ದೂ ನನಗೆ ಗೊತ್ತಿರದ ಹುಡುಗಿಯೊಬ್ಬಳು ಆ ಅಳುವಿನೊಳಗಿಂದ ಎದ್ದು ಬಂದಳು. ಅಷ್ಟರಲ್ಲಿ ಅತ್ತೆ ತಟ್ಟನೆ ರಾಗ ನಿಲ್ಲಿಸಿ, ಸಾದಾ ದನಿಯಲ್ಲಿ "ದನಕ್ಕ ನೀರ ತೋರಿಸೀರೇನ್ರೋ?" ಎಂದು ಕೇಳಿ, ಯಾರೋ ಹೂಂ ಅಂದ ಮೇಲೆ ಬಿಟ್ಟಲ್ಲಿಂದಲೇ ಹಿಡಿದಳು. ಸಂಗೀತಗಾರರು ಇದನ್ನು ಕಲಿಯಬೇಕು.

ಅವ್ವನನ್ನು ವಿಮಾನದಲ್ಲಿ ಕೂಡ್ರಿಸಿ, ಭಜನೆಯವರನ್ನು ಮುಂದೆ ಮಾಡಿಕೊಂಡು ಹೊಲಕ್ಕೆ ಹೋದೆವು. ಕುಣಿಯೊಳಗಿನ ಗೂಡಿನಲ್ಲಿ ಕೂಡ್ರಿಸಿ, ಎಡಗೈಯಲ್ಲಿ ಲಿಂಗ, ಮೇಲೆ ಪತ್ರಿ, ವಿಭೂತಿ. ಒಬ್ಬೊಬ್ಬರಾಗಿ ಮಣ್ಣು ಕೊಟ್ಟೆವು. ಎರಿ ಮಣ್ಣು ಅಂದರೆ ಎರಿ ಮಣ್ಣೇ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಏನು ಕಟ್ಟಿದರೂ ನೆಟ್ಟಗೆ ನಿಲ್ಲುವುದಿಲ್ಲ. ನರಗುಂದದ ಕಡೆಯ ಹೊಲಗಳಲ್ಲಿ ನೋಡಿ, ಹಳೆಯ ಸಮಾಧಿ ಕಟ್ಟೆಗಳೆಲ್ಲ ಒಂದು ಕಡೆ ವಾಲಿ ನಿಂತಿರುತ್ತವೆ. ಕಟ್ಟೆ ಇಲ್ಲದವುಗಳ ಗತಿ ಇನ್ನೊಂದು ಥರ. ಮೊದಲ ವರ್ಷ ಮಗ ಗಳೆ ಹೊಡೆಯುವಾಗ ದೂರ ಬಳಸಿಕೊಂಡು ಹೋಗುತ್ತಾನೆ. ಮರುವರ್ಷ ಒಂದು ಗೇಣು ಹತ್ತಿರ, ಅದರ ಮರುವರ್ಷ ಇನ್ನೊಂದು ಗೇಣು. ಬೇಕಂತ ಮಾಡುವುದಲ್ಲ, ಎತ್ತುಗಳಿಗೆ ತಿರುವು ಸಲೀಸಾಗಲಿ ಎಂದು. ಮೊಮ್ಮಗನ ಕಾಲಕ್ಕೆ ಟ್ರ್ಯಾಕ್ಟರು ಬರುತ್ತದೆ, ಅಜ್ಜನ ಮೇಲೆ ಕಡಲೆ ಬೆಳೆಯುತ್ತದೆ. ಇದರಲ್ಲಿ ಅಗೌರವ ಇದೆ ಎಂದು ನನಗೇನೂ ಅನಿಸುವುದಿಲ್ಲ. ಅಜ್ಜನೂ ತನ್ನ ಅಜ್ಜನ ಮೇಲೆ ಕಡಲೆ ಬೆಳೆದವನೇ. ಕಾಕಾನ ಗ್ರಾನೈಟು ಅಲ್ಲಿಗೇ ಬಿದ್ದುಹೋಯಿತು.

ಕಲ್ಲಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ ಬಿಡಿ. ಸಾವಿರ ವರ್ಷದ ಹಿಂದೆ ಚಾಲುಕ್ಯರ ಅಕ್ಕಾದೇವಿ ಆಳಿದ ಸೂಡಿ ಇಲ್ಲೇ ಇದೆ. ಗದಗ ಬೆಟಗೇರಿಗೆ ಹೋದರೆ ವೀರಗಲ್ಲುಗಳು ಸಾಲಾಗಿ ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತವನು, ನೆತ್ತಿಯ ಮೇಲೆ ಸೂರ್ಯ ಚಂದ್ರ. ದನ ಬಿಡಿಸಲು ಹೋಗಿ ಸತ್ತವರಿಗೆ, ಊರು ಕಾಯಲು ನಿಂತು ಸತ್ತವರಿಗೆ ಊರವರು ನಿಲ್ಲಿಸಿದ ಕಲ್ಲುಗಳು. ತೀರಿಕೊಂಡವರಿಗಾಗಿ ಕಲ್ಲು ನಿಲ್ಲಿಸುವುದಕ್ಕೆ, ಗುಡಿ ಬಸದಿಗಳಿಗೆ ದಾನ ಕೊಡುವುದಕ್ಕೆ ಹಳೆಯ ಶಾಸನಗಳು 'ಪರೋಕ್ಷವಿನಯ' ಎನ್ನುತ್ತವೆ. ಆ ವಿನಯವೇ ಈಗ ಫ್ಯಾನಿನ ರೆಕ್ಕೆಗೆ ಬಂದಿದೆ. ಹಳ್ಳಿಗಳಲ್ಲಿ ಉಳಿದ ವೀರಗಲ್ಲುಗಳನ್ನು ಕೇಳಿದರೆ ಯಾರ ಕಲ್ಲೆಂದು ಹೇಳುವವರಿಲ್ಲ. ಒಂದಕ್ಕೆ ಎಣ್ಣೆ ಹಚ್ಚಿ ಕುಂಕುಮ ಬಳಿದು ದೇವರು ಮಾಡಿದ್ದಾರೆ, ಇನ್ನೊಂದರ ಮೇಲೆ ಬಟ್ಟೆ ಒಗೆಯುತ್ತಾರೆ. ಹೆಸರು ಎರಡರಲ್ಲೂ ಹೋಗಿದೆ, ಕೆಲಸ ಮಾತ್ರ ಸಿಕ್ಕಿದೆ.

ಹೆಸರು ಉಳಿಸಿಕೊಂಡ ವೀರಗಲ್ಲು ನರಗುಂದದಲ್ಲಿದೆ. 1980ರ ಜುಲೈ 21ರಂದು, ಮಲಪ್ರಭಾ ಕಾಲುವೆಯ ನೀರಿನ ಕರ, ಅಭಿವೃದ್ಧಿ ಕರದ ಭಾರಕ್ಕೆ ರೊಚ್ಚಿಗೆದ್ದು ಸೇರಿದ್ದ ರೈತರ ಮೇಲೆ ಗೋಲಿಬಾರ್ ಆಗಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತ. ಅದೇ ದಿನ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ. ಆ ಕಾವಿನಲ್ಲೇ ರೈತ ಸಂಘ ಹುಟ್ಟಿತು. ಪ್ರತಿ ವರ್ಷ ಆ ತಾರೀಖಿಗೆ ರೈತರು ಬರುತ್ತಾರೆ, ಹಸಿರು ಟವೆಲ್ಲಿನವರು ಬರುತ್ತಾರೆ, ಎಲ್ಲ ಪಕ್ಷದವರೂ ಬಂದು ಮಾಲೆ ಹಾಕುತ್ತಾರೆ. ಅಧಿಕಾರದಲ್ಲಿದ್ದವರ ಮಾಲೆ ತುಸು ದಪ್ಪ ಇರುತ್ತದೆ. ಭಾಷಣದಲ್ಲಿ ಮಹದಾಯಿ, ಕಳಸಾ ಬಂಡೂರಿ ನೀರಿನ ಮಾತು ಬಂದು ಹೋಗುತ್ತದೆ. ಇಂಥಲ್ಲಿ ದುಃಖ ಯಾರದು, ಮೈಕು ಯಾರದು ಎಂದು ಗೊಂದಲವಾಗುತ್ತದೆ ನಿಜ. ಆದರೂ ಮಾಲೆ ಹಾಕಲು ಬರುವ ಮಂತ್ರಿಗೆ ಅಲ್ಲಿ ನೀರಿನ ಪ್ರಶ್ನೆ ಕೇಳಬಹುದು. ಬೇರೆ ದಿನ ಅವರು ಸಿಗುವುದಿಲ್ಲ. ಅಷ್ಟು ಕೆಲಸ ಆ ಕಲ್ಲು ಇನ್ನೂ ಮಾಡುತ್ತಿದೆ. ಅಂದು ಜನರ ಸಿಟ್ಟಿಗೆ ಸಿಕ್ಕು ಪೊಲೀಸರೂ ಜೀವ ಕಳೆದುಕೊಂಡರು. ಅವರ ಮನೆಗಳಲ್ಲೂ ಅದೇ ತಾರೀಖಿಗೆ ಎಡೆ ಹಿಡಿಯುತ್ತಾರೆ. ಅದನ್ನು ವೇದಿಕೆಯ ಮೇಲೆ ಹೇಳುವವರಿಲ್ಲ. ಅದೇ ಊರಿನ ಅರಸ ಬಾಬಾಸಾಹೇಬನನ್ನು 1858ರಲ್ಲಿ ಇಂಗ್ಲಿಷರು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದ್ದು ಪಾಠದಲ್ಲಿದೆ. ಅವನ ಮನೆಯ ಹೆಂಗಸರು ಮಲಪ್ರಭೆಗೆ ಬಿದ್ದರೆಂದು ಹೇಳುತ್ತಾರೆ, ಅವರ ಕಥೆ ಅಲ್ಲಿಗೇ ನಿಲ್ಲುತ್ತದೆ.

ದುಃಖವನ್ನು ಊರೇ ಹೊತ್ತುಕೊಳ್ಳುವುದು ನೋಡಬೇಕೆಂದರೆ ಮೊಹರಂಗೆ ಬರಬೇಕು. ಕ್ರಿ.ಶ. 680ರಲ್ಲಿ, ಇರಾಕಿನ ಕರ್ಬಲಾದಲ್ಲಿ ನೀರಿಲ್ಲದೆ ಬಳಲಿ ಕಾಳಗದಲ್ಲಿ ಸತ್ತ ಹುಸೇನರಿಗಾಗಿ ನಮ್ಮ ಊರುಗಳ ಲಿಂಗವಂತರು, ಕುರುಬರು, ತಳವಾರರು ಅಲಾಯಿ ದೇವರ ಮುಂದೆ ಹೆಜ್ಜೆ ಹಾಕುತ್ತಾರೆ, ಕನ್ನಡದಲ್ಲಿ ರಿವಾಯತ್ ಹಾಡುತ್ತಾರೆ. ಹೊಟ್ಟೆಪಾಡಿಗೆ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋದವರು ದೀಪಾವಳಿಗೆ ತಪ್ಪಿಸಿದರೂ ಖತಲ್ ರಾತ್ರಿಗೆ ತಪ್ಪಿಸುವುದಿಲ್ಲ. ಅವ್ವ ಪ್ರತಿ ವರ್ಷ ಸಕ್ಕರೆ ಓದಿಸುತ್ತಿದ್ದಳು. ಹುಸೇನರು ಯಾರು ಎಂದು ಕೇಳಿದರೆ, "ನೀರು ಕೊಡಲಾರದ ಕೊಂದ್ರಂತ ಪಾಪ" ಅನ್ನುತ್ತಿದ್ದಳು. ಮಳೆ ನೋಡಿ ಬದುಕುವ ಈ ನಾಡಿಗೆ ಅಷ್ಟು ಸಂಬಂಧ ಸಾಲುತ್ತದೆ.

ಸ್ಮರಣೆಯನ್ನು ಹಾಡಾಗಿ ಮಾಡಿದವರೂ ನಮ್ಮ ಕಡೆಯವರೇ. ಇದೇ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು, ಕುಂದಗೋಳದ ಗುರು ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡಾಗ ಪುತ್ಥಳಿ ನಿಲ್ಲಿಸಿ ಸುಮ್ಮನಾಗಲಿಲ್ಲ. ಮರುವರ್ಷದ ಪುಣ್ಯತಿಥಿಗೆ ಪುಣೆಯಲ್ಲಿ ಹಾಡು ಇಟ್ಟರು. ಅದು ಈಗ ದೇಶದ ದೊಡ್ಡ ಸಂಗೀತೋತ್ಸವ. ನಮಗೆ ಅವ್ವನ ಹೆಸರಲ್ಲಿ ಹಾಡಿಸುವ ಯೋಗ್ಯತೆ ಇರಲಿಲ್ಲ. ಅತ್ತೆ ಹಾಡಿದ್ದೇ ಕೊನೆ.

ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಪೂಜೆ ಬಂತು. ಅಪ್ಪನ ಧೋತರದ ಪಕ್ಕದಲ್ಲಿ ಅವ್ವನಿಗೆ ಮೊದಲ ಸಲ ಇಳಕಲ್ ಸೀರೆ ಇಟ್ಟೆವು. ಹೋಳಿಗೆ, ಕಟ್ಟಿನ ಸಾರು, ಹಪ್ಪಳ ಸಂಡಿಗೆ ಎಲ್ಲ ಆಯಿತು. ಎಡೆ ಹಿಡಿಯುವಾಗ ಸತ್ತವರ ಚಟಗಳನ್ನೂ ಮರೆಯುವಂತಿಲ್ಲ. ನಮ್ಮ ಓಣಿಯಲ್ಲಿ ಒಬ್ಬರು ಬೀಡಿ ಬೆಂಕಿಪೊಟ್ಟಣ ಇಡುತ್ತಾರೆ, ಇನ್ನೊಬ್ಬರು ತಪಕೀರು ಡಬ್ಬಿ, ಒಬ್ಬರ ಮನೆಯಲ್ಲಿ ಸೆರಗು ಮರೆಮಾಡಿ ಒಂದು ಸಣ್ಣ ಬಾಟಲಿ. ಅವ್ವನಿಗೆ ಏನು? ತಮ್ಮ ಸೈಕಲ್ ಮೋಟಾರು ಹತ್ತಿ ಹೋಗಿ ಬಸ್‌ಸ್ಟ್ಯಾಂಡಿನಿಂದ ಗಿರ್ಮಿಟ್ಟು, ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಂದ. ಹಾಳೆಯನ್ನು ಬಿಚ್ಚದೆ ಹಾಗೇ ಇಟ್ಟ. ಅವ್ವ ಅದನ್ನು ತಟ್ಟೆಗೆ ಹಾಕಿಕೊಂಡು ತಿಂದವಳೇ ಅಲ್ಲ. ಎಣ್ಣೆ ಕುಡಿದ ಆ ಪೇಪರು ನೋಡಿ ನಾವು ಮೂವರೂ ಒಟ್ಟಿಗೆ ಅತ್ತೆವು. ಮಣ್ಣು ಕೊಡುವಾಗಲೂ ಅಷ್ಟು ಅಳು ಬಂದಿರಲಿಲ್ಲ. ಆಮೇಲೆ ಮಿರ್ಚಿಗಾಗಿ ಜಗಳ ಆಡಿದೆವು.

ಇನ್ನು ಹೆಸರಿನ ಮಾತು. ನಮ್ಮಲ್ಲಿ ಹೋದವರನ್ನು ಮರಳಿ ಮನೆಗೆ ತರುವ ಅಗ್ಗದ ದಾರಿ ಅದೇ. ತಮ್ಮನಿಗೆ ಹೆಣ್ಣು ಕೂಸು ಹುಟ್ಟಿತು. ದಾಖಲೆಗೆ ಏನೋ ಎರಡಕ್ಷರದ ಹೊಸ ಹೆಸರಿದೆ, ತೊಟ್ಟಿಲಲ್ಲಿ ಕೂಗಿದ್ದು ಅವ್ವನದು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವುದು ಹೇಗೆ? ಹೀಗಾಗಿ ಆ ಕೂಸನ್ನು ತಮ್ಮನ ಹೆಂಡತಿ "ಅತ್ತಿ" ಎನ್ನುತ್ತಾಳೆ, ನಾವೆಲ್ಲ "ಅವ್ವ" ಎನ್ನುತ್ತೇವೆ. ಮೊನ್ನೆ ಅದು ಹಿಟ್ಟಿನ ಡಬ್ಬಿ ಕೆಡವಿದಾಗ ತಮ್ಮ ಕೈ ಎತ್ತಿದ. "ಏ, ಅವ್ವನ ಹೆಸರು ಇಟ್ಟೇವಿ, ಬಡೀಬ್ಯಾಡ" ಎಂದು ಕಾಕಾ ಒದರಿದ. ಕೂಸಿಗೆ ಇದರ ಲಾಭ ಈಗಾಗಲೇ ಗೊತ್ತಾಗಿದೆ.

ಕೊನೆಗೆ ನಡೆದದ್ದು ಅಕ್ಕನ ಮಾತು. ಗಜೇಂದ್ರಗಡದ ಪಾತ್ರೆ ಅಂಗಡಿಗೆ ಹೋಗಿ ದೊಡ್ಡ ಡಬರಿ, ಪರಾತ, ಸೌಟು, ಒಂದಿಷ್ಟು ಗಂಗಾಳ ಆರಿಸಿದಳು, ಬೆರಳಿನಿಂದ ಬಡಿದು ಬಡಿದು ದನಿ ಕೇಳಿ. ಓಣಿಯಲ್ಲಿ ಮದುವೆ, ತೊಟ್ಟಿಲು, ತಿಥಿ ಏನಾದರೂ ಆದರೆ ಒಯ್ಯಲಿ, ಬಾಡಿಗೆ ಇಲ್ಲ ಎಂದು ಹೇಳಿಬಿಟ್ಟಳು. ಹೆಸರು ಹಾಕುವ ಹುಡುಗ ಮಷೀನು ಚಾಲೂ ಮಾಡಿ ಡಬರಿಯನ್ನು ತೊಡೆಯ ಮೇಲೆ ಒರಗಿಸಿಕೊಂಡ. ಸೂಜಿ ಸ್ಟೀಲಿಗೆ ತಾಗಿ ಜುಂಯ್ ಎಂದು ಹಲ್ಲು ಜುಮ್ಮೆನ್ನುವ ಸದ್ದು. "ದಿ. ಅಂತ ಹಾಕ್ಲಿ ಏನ್ರಿ, ಬರೇ ಶ್ರೀಮತಿ ಸಾಕೇನ್ರಿ?" ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. "ಎರಡೂ ಬ್ಯಾಡ. ಹೆಸರಷ್ಟ ಹಾಕಪಾ" ಎಂದಳು.

ಕಳೆದ ಶ್ರಾವಣದಲ್ಲಿ ಯಾರದೋ ಮನೆಯ ಕಾರ್ಯಕ್ಕೆ ಹೋದ ಡಬರಿ ಒಂದು ಮಗ್ಗುಲಿಗೆ ನೆಗ್ಗಿ ಬಂತು. ಅಕ್ಕ ಅದನ್ನು ಸೊಂಟದ ಮೇಲಿಟ್ಟುಕೊಂಡು ಅವರ ಬಾಗಿಲಿಗೇ ಹೋದಳು. "ನಮ್ಮವ್ವಗ ನೆಗ್ಗ ಕೆಡವೀರಲ್ಲ, ಕಣ್ಣೇನ್ ನೆತ್ತಿಮ್ಯಾಲ ಇದ್ದೂವೇನ?" ಆ ಮನೆಯಾಕೆಯೂ ಬಿಡುವವಳಲ್ಲ: "ನಿಮ್ಮವ್ವ ಇದ್ದಾಗ ಇಷ್ಟು ಬಾಯಿ ಮಾಡತಿದ್ದಿಲ್ಲ ಬಿಡಬೇ, ನೀನಽ ಹೆಚ್ಚು." ಓಣಿಯವರೆಲ್ಲ ಕಟ್ಟೆಗೆ ಬಂದು ನಿಂತರು, ಅವ್ವ ಬಾಯಿ ಮಾಡುತ್ತಿದ್ದಳೋ ಇಲ್ಲವೋ ಎಂಬ ಬಗ್ಗೆ ಎರಡು ಪಕ್ಷವಾಗಿ ಸಂಜೆತನಕ ವಾದ ನಡೆಯಿತು.