ಬದಲಿಗೆ ಬಂದವನು

ಬುಧವಾರ, 2016ರ ಅಕ್ಟೋಬರ್ 19. ಫಿಲಿಪೈನ್ಸಿನ ಉತ್ತರ ಲುಜಾನ್ ಕಡೆಗೆ ಭಾರಿ ಚಂಡಮಾರುತ ಬರುತ್ತಿದೆ, ಈ ರಾತ್ರಿಯೇ ದಡ ಮುಟ್ಟಲಿದೆ. ಆದರೂ ಕೆಜಾನ್ ಸಿಟಿಯ ಅರನೇಟಾ ಕೊಲಿಸಿಯಂ ತುಂಬಿಹೋಗಿದೆ. 1975ರಲ್ಲಿ ಬಾಕ್ಸರ್‌ಗಳಾದ ಅಲಿ, ಫ್ರೇಜಿಯರ್ ಗುದ್ದಾಡಿದ್ದು ಇದೇ ಗುಮ್ಮಟದ ಕೆಳಗೆ. ಮೇಲ್ಗಡೆಯ ಅಗ್ಗದ ಟಿಕೆಟ್ಟಿನ ಸಾಲಿನಲ್ಲಿ ನೀವು ಮೊಣಕೈ ಮುದುರಿ ಕೂತಿದ್ದೀರಿ. ‘ಹಿನೆಬ್ರಾ! ಹಿನೆಬ್ರಾ!’ ಕೂಗಿಗೆ ಕಾಲಡಿಯ ಕಾಂಕ್ರೀಟೇ ನಡುಗುತ್ತಿದೆ.

ಫಿಲಿಪೈನ್ಸಿನ ಬ್ಯಾಸ್ಕೆಟ್‌ಬಾಲ್ ಲೀಗ್ ಪಿಬಿಎಯ ಗವರ್ನರ್ಸ್ ಕಪ್ ಫೈನಲ್, ಆರನೇ ಪಂದ್ಯ. ಇಲ್ಲಿ ತಂಡಗಳಿಗಿರುವುದು ಊರಿನ ಹೆಸರಲ್ಲ, ಕಂಪನಿಯ ಹೆಸರು. ಹಿನೆಬ್ರಾ ಎಂದರೆ ಜಿನ್ ಮದ್ಯ. ಎದುರಾಳಿ ಮೆರಾಲ್ಕೊ, ಮನಿಲಾಕ್ಕೆ ಕರೆಂಟ್ ಕೊಡುವ ಕಂಪನಿ. ಹಿನೆಬ್ರಾ 3–2ರಿಂದ ಮುಂದಿದೆ. ಕಪ್ ಎತ್ತಿ ಎಂಟು ವರ್ಷವಾಯಿತು.

ಅಂಕಪಟ್ಟಿ ನೋಡಿ: 88–88. ಉಳಿದಿರುವುದು ಕೆಲವೇ ಸೆಕೆಂಡು.

ಚೆಂಡು ಜಸ್ಟಿನ್ ಬ್ರೌನ್‌ಲೀ ಕೈಯಲ್ಲಿದೆ. ಅಮೆರಿಕದ ಜಾರ್ಜಿಯಾದ ಟಿಫ್ಟನ್ ಎಂಬ ಊರಿನವನು. ಇಲ್ಲಿಯ ಮಾತಿನಲ್ಲಿ ‘ಇಂಪೋರ್ಟ್’. ಹೊರದೇಶದಿಂದ ತರಿಸಿಕೊಂಡ ಸರಕಿಗೂ ಆಟಗಾರನಿಗೂ ಒಂದೇ ಪದ. ಆ ಪದ ನನಗೆ ಯಾವತ್ತೂ ಹಿತವೆನಿಸಿಲ್ಲ. ಆದರೆ ಇಂಪೋರ್ಟ್‌ಗಳ ಬದುಕು ಹಾಗೆಯೇ ಇದೆ: ವಿಮಾನ ಇಳಿದ ಮೇಲೆ ಎತ್ತರ ಅಳೆಯುತ್ತಾರೆ, ಈ ಟೂರ್ನಿಗೆ 6 ಅಡಿ 5 ಇಂಚಿಗಿಂತ ಎತ್ತರವಿರುವಂತಿಲ್ಲ. ಆಮೇಲೆ ಒಂದೆರಡು ತಿಂಗಳ ಆಟ. ತಂಡ ಸೋತರೆ, ಮೈಗೆ ಪೆಟ್ಟಾದರೆ, ಕೋಚಿಗೆ ಸಮಾಧಾನವಾಗದಿದ್ದರೆ ಮರುವಾರವೇ ವಾಪಸ್. ಬ್ರೌನ್‌ಲೀ ಬಂದದ್ದೂ ಹಾಗೆ ತೆರವಾದ ಜಾಗಕ್ಕೆ. ಮೊದಲು ಕರೆಸಿದ್ದ ಪಾಲ್ ಹ್ಯಾರಿಸ್ ಹೆಬ್ಬೆರಳಿಗೆ ಪೆಟ್ಟು ಮಾಡಿಕೊಂಡು ಹೊರಬಿದ್ದಾಗ ಇವನನ್ನು ಕರೆಸಿದರು.

ಇವನ ಮುಂದೆ ಕೈ ಚಾಚಿ ನಿಂತವನೂ ಇಂಪೋರ್ಟೇ. ಅಲೆನ್ ಡರಾಮ್, ಈ ಟೂರ್ನಿಯ ಶ್ರೇಷ್ಠ ಇಂಪೋರ್ಟ್. ಆ ಪ್ರಶಸ್ತಿಗೆ ಬಾಬಿ ಪಾರ್ಕ್ಸ್ ಹೆಸರಿದೆ. ಅದನ್ನು ಏಳು ಸಲ ಗೆದ್ದ ಅಮೆರಿಕನ್ ಆತ. 1992ರಲ್ಲಿ ಟೋನಿ ಹ್ಯಾರಿಸ್ ಎಂಬ ಇನ್ನೊಬ್ಬ ಇಂಪೋರ್ಟ್ ಒಂದೇ ಪಂದ್ಯದಲ್ಲಿ 105 ಅಂಕ ಹೊಡೆದ. ಕೆಲವೇ ದಿನ ಇದ್ದು ಹೋದವರನ್ನು ಈ ಜನ ಮರೆಯುವುದಿಲ್ಲ. 1983ರಲ್ಲಿ ಇಂಪೋರ್ಟ್ ಆಗಿ ಬಂದ ಬಿಲ್ಲಿ ರೇ ಬೇಟ್ಸ್ ಕಥೆಯನ್ನು ಅಂದು ಹುಟ್ಟದವರೂ ಹೇಳುತ್ತಾರೆ.

ಈಗ ಮೆರಾಲ್ಕೊ ಬೆಂಚಿನ ಕಡೆ ಕಣ್ಣು ಹಾಯಿಸಿ. ಅಲ್ಲಿರುವ ಕೋಚ್ ನಾರ್ಮನ್ ಬ್ಲ್ಯಾಕ್. 1981ರಲ್ಲಿ ಇವರೂ ಇಂಪೋರ್ಟ್ ಆಗಿಯೇ ಬಂದವರು. ಆಡಲೆಂದು ಬಂದು ಇಲ್ಲೇ ನೆಲೆ ನಿಂತರು, ಕೋಚ್ ಆದರು, 1989ರಲ್ಲಿ ಸ್ಯಾನ್ ಮಿಗೆಲ್ ತಂಡಕ್ಕೆ ಒಂದೇ ವರ್ಷದ ಮೂರೂ ಕಪ್ ಗೆದ್ದುಕೊಟ್ಟರು. ಬಂದವರಲ್ಲಿ ಹೀಗೆ ಉಳಿದವರು ಬೆರಳೆಣಿಕೆ. ಇಂದು ರಾತ್ರಿ ಅವರ ಕಣ್ಣೆದುರಿಗೇ ಇನ್ನೊಬ್ಬ ಉಳಿಯಲಿದ್ದಾನೆ. ಅದು ಅವರಿಗೂ ಗೊತ್ತಿಲ್ಲ, ಚೆಂಡು ಪುಟಿಸುತ್ತಿರುವವನಿಗೂ ಗೊತ್ತಿಲ್ಲ.

ಬ್ರೌನ್‌ಲೀ ಮೂರು ಅಂಕದ ಗೆರೆಯಾಚೆಯೇ ಮೇಲಕ್ಕೆ ಚಿಮ್ಮುತ್ತಾನೆ. ಡರಾಮ್ ಕೈ ಮುಖದ ಮುಂದಿದೆ. ಅದರ ಮೇಲಿಂದ ಎಡಗೈಯ ಚೆಂಡು ಹೊರಡುತ್ತದೆ. ಕೂಗು ನಿಂತಿದೆ. ನಿಮ್ಮ ಪಕ್ಕದವರ ಕೈ ನಿಮ್ಮ ತೋಳನ್ನು ಹಿಡಿದಿದೆ. ಬಜರ್ ಕಿರುಚುತ್ತದೆ, ಬಲೆ ಅಲುಗುತ್ತದೆ.

91–88.

ಆಮೇಲೆ ಏನೂ ಕೇಳಿಸುವುದಿಲ್ಲ. ಗುರುತಿಲ್ಲದವರು ಬಾಚಿ ತಬ್ಬಿಕೊಳ್ಳುತ್ತಾರೆ. ಕೆಳಗೆ ಆಟಗಾರರೆಲ್ಲ ಒಬ್ಬನ ಮೇಲೆ ಬಿದ್ದಿದ್ದಾರೆ.

ಬದಲಿ ಆಟಗಾರ ಮರುವರ್ಷವೂ ಬಂದ, ಅದರ ಮರುವರ್ಷವೂ ಬಂದ. 2023ರಲ್ಲಿ ಫಿಲಿಪೈನ್ಸ್ ಅವನೊಬ್ಬನಿಗಾಗಿಯೇ ಕಾಯ್ದೆ ಮಾಡಿ ಪೌರತ್ವ ಕೊಟ್ಟಿತು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಚೀನಾವನ್ನು ಅದರ ನೆಲದಲ್ಲೇ 77–76ರಿಂದ ಮಣಿಸಿದ್ದು ಕೊನೆಯ ಗಳಿಗೆಯಲ್ಲಿ ಅವನು ದೂರದಿಂದ ಹೊಡೆದ ಎರಡು ಚೆಂಡುಗಳು. ಫೈನಲ್‌ನಲ್ಲಿ ಜೋರ್ಡಾನ್ ಸೋತಿತು. 1962ರ ನಂತರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಫಿಲಿಪೈನ್ಸಿಗೆ ಸಿಕ್ಕ ಮೊದಲ ಏಷ್ಯನ್ ಗೇಮ್ಸ್ ಚಿನ್ನ ಅದು.