ಟೈಪ್ ಮಿಸ್‌ಮ್ಯಾಚ್ ದಿನಗಳು

ನಿಕ್ಲಾಸ್ ವಿರ್ತ್ 2024ರ ಜನವರಿ 1ರಂದು ತೀರಿಕೊಂಡರು. ಸುದ್ದಿ ತಿಳಿದ ದಿನ ನಮ್ಮ ಹಳೆಯ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಮೊದಲು ಬಂದ ಸಾಲು ‘ಎರರ್ 26’. ಟರ್ಬೋ ಪ್ಯಾಸ್ಕಲ್‌ನಲ್ಲಿ ಕೈ ಪಳಗಿಸಿಕೊಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ: ಟೈಪ್ ಮಿಸ್‌ಮ್ಯಾಚ್. ಜ್ಯೂರಿಕ್‌ನ ಇಟಿಎಚ್‌ನಲ್ಲಿ ಪಾಠ ಹೇಳುತ್ತಿದ್ದ ಆ ಮೇಷ್ಟ್ರು 1970ರಲ್ಲಿ ಪ್ರಕಟಿಸಿದ ಭಾಷೆ ಮೈಸೂರಿನ ಒಂದು ಹಾಸ್ಟೆಲಿನ ಹುಡುಗರನ್ನು ರಾತ್ರಿಯೆಲ್ಲ ವಾದಕ್ಕೆ ಹಚ್ಚಿತ್ತು. ಆ ಸಾಲಿನ ಕೆಳಗೆ ಒಬ್ಬೊಬ್ಬರಾಗಿ ನೆನಪು ಬಿಚ್ಚುತ್ತಾ ಹೋದೆವು.

ತೊಂಬತ್ತರ ದಶಕದ ಆರಂಭ ಅದು. ಕಂಪ್ಯೂಟರ್ ಲ್ಯಾಬ್ ಅಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಹೋಗುವ ಜಾಗ. ಇಬ್ಬಿಬ್ಬರಿಗೆ ಒಂದು ಮಿಷನ್, ವಾರಕ್ಕೊಮ್ಮೆ ಸರದಿ. ಒಬ್ಬ ನೋಟ್‌ಬುಕ್ ನೋಡಿ ಓದುತ್ತಿದ್ದ, ಇನ್ನೊಬ್ಬ ಟೈಪ್ ಮಾಡುತ್ತಿದ್ದ. ಎಫ್9 ಒತ್ತಿದರೆ ಕಂಪೈಲ್, ಆಲ್ಟ್ ಹಿಡಿದು ಎಫ್5 ಒತ್ತಿದರೆ ಔಟ್‌ಪುಟ್. ಸಿಗುವ ಹೊತ್ತು ಕಡಿಮೆ ಇದ್ದುದರಿಂದ ಪ್ರೋಗ್ರಾಮನ್ನು ಹಿಂದಿನ ದಿನವೇ ಕಾಗದದ ಮೇಲೆ ಪೂರ್ತಿ ಬರೆದು, ಹಾಸ್ಟೆಲಿನ ಜಗಲಿಯಲ್ಲಿ ಕೂತು, ಒಬ್ಬರ ಕೋಡನ್ನು ಇನ್ನೊಬ್ಬರು ತಿದ್ದುತ್ತಿದ್ದೆವು. ನಾವು ನಿಜವಾಗಿ ಪ್ಯಾಸ್ಕಲ್ ಕಲಿತದ್ದು ಆ ಜಗಲಿಯ ಮೇಲೆ. ಇದು ಯಾವ ಟೈಪು, ಅದು ಯಾವ ಟೈಪು ಎಂದು ಒಬ್ಬರನ್ನೊಬ್ಬರು ಕೇಳದೆ ಆ ಭಾಷೆಯಲ್ಲಿ ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ.

ಹಾಸನದ ಗೆಳೆಯನ ತಕರಾರು ನಮ್ಮ ನಡುವೆ ಪ್ರಸಿದ್ಧ. ಒಂದು ಸಾಲಿನಲ್ಲಿ ಹತ್ತು ಇಂಟಿಜರ್‌ಗಳ ಅರೇ ಎಂದು ‘ಎ’ಯನ್ನು ಡಿಕ್ಲೇರ್ ಮಾಡಿದ್ದ. ಮುಂದಿನ ಸಾಲಿನಲ್ಲಿ ಅಕ್ಷರವೂ ಬದಲಾಗದಂತೆ ಅದನ್ನೇ ಬರೆದು ‘ಬಿ’. ಆಮೇಲೆ ‘ಬಿ’ಯನ್ನು ‘ಎ’ಗೆ ಹಾಕಹೊರಟರೆ ಎರರ್ 26. “ಅಲ್ಲಾ ಕಣ್ರೋ, ಅದೂ ಹತ್ತು ಇಂಟಿಜರ್ರು, ಇದೂ ಹತ್ತು ಇಂಟಿಜರ್ರು, ಇದಕ್ಕೇನು ರೋಗ?” ಎಂದು ಅವನು. ಎರಡನ್ನೂ ಕಾಮಾ ಹಾಕಿ ಒಂದೇ ಸಾಲಿನಲ್ಲಿ ಬರೆದರೆ ಕಂಪೈಲರ್ ತೆಪ್ಪಗೆ ಒಪ್ಪುತ್ತಿತ್ತು. ಅದು ಅವನನ್ನು ಇನ್ನೂ ಕೆರಳಿಸಿತು. ಮಾರನೇ ದಿನ ಮೇಷ್ಟ್ರ ಹತ್ತಿರ ಹೋದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದ್ದು ಇಷ್ಟೇ: “ಮೂವತ್ತು ನಲವತ್ತರ ಎರಡು ಸೈಟು ಅಕ್ಕಪಕ್ಕ ಇದ್ದ ಮಾತ್ರಕ್ಕೆ ಎರಡರ ಖಾತೆ ಒಂದೇ ಆಗುತ್ತೇನಪ್ಪಾ?” ಪ್ಯಾಸ್ಕಲ್ ಅಳತೆ ನೋಡುವುದಿಲ್ಲ, ಹೆಸರು ನೋಡುತ್ತದೆ. ಮೇಲೆ ಟೈಪ್ ಎಂದು ಬರೆದು ಒಂದು ಹೆಸರು ಕೊಟ್ಟು, ಎರಡನ್ನೂ ಆ ಹೆಸರಿನಲ್ಲೇ ಡಿಕ್ಲೇರ್ ಮಾಡಿದರೆ ಜಗಳವೇ ಇಲ್ಲ. ಪ್ರೊಸೀಜರ್‌ಗೆ ಅರೇ ಕಳಿಸಬೇಕಾದರೂ ಆ ಹೆಸರು ಬೇಕೇ ಬೇಕು.

ಹತ್ತರ ಅರೇಗೆ ಬರೆದ ಸಾರ್ಟಿಂಗ್ ಪ್ರೊಸೀಜರ್ ಇಪ್ಪತ್ತರ ಅರೇಗೆ ಏಕೆ ಒಗ್ಗುವುದಿಲ್ಲ ಎಂಬುದು ಅದರ ಬೆನ್ನಿಗೇ ಬಂದ ಪ್ರಶ್ನೆ. ಉದ್ದವೂ ಟೈಪಿನ ಭಾಗವೇ ಆದ್ದರಿಂದ, ಎಂದರು ಮೇಷ್ಟ್ರು. ಸಿ ಭಾಷೆಯ ಪಠ್ಯ ಬರೆದ ಬ್ರಯಾನ್ ಕರ್ನಿಹಾನ್ 1981ರಲ್ಲೇ ಪ್ಯಾಸ್ಕಲ್ ಮೇಲೆ ಇದೇ ಆರೋಪ ಹೊರಿಸಿದ್ದರೆಂದು ಎಷ್ಟೋ ವರ್ಷದ ಮೇಲೆ ಓದಿ, ನಮ್ಮ ಜಗಲಿಯ ಬಗ್ಗೆ ಹೆಮ್ಮೆ ಎನಿಸಿತು. 1992ರ ಟರ್ಬೋ ಪ್ಯಾಸ್ಕಲ್ 7ರಲ್ಲಿ ಓಪನ್ ಅರೇ ಬಂದ ಮೇಲೆ ಆ ಕಷ್ಟ ಕಳೆಯಿತು.

ಫ್ಯಾಕ್ಟೋರಿಯಲ್ ಪ್ರೋಗ್ರಾಮನ್ನು ಯಾರೂ ಮರೆತಿಲ್ಲ. ಏಳಕ್ಕೆ 5040 ಸರಿಯಾಗಿ ಬಂತು. ಎಂಟಕ್ಕೆ ಪರದೆಯ ಮೇಲೆ ಮೂಡಿದ್ದು ಮೈನಸ್ 25216. ಇಂಟಿಜರ್ ಎರಡೇ ಬೈಟಿನದು, 32767 ದಾಟಿದರೆ ತಿರುಗಿ ಮೈನಸ್‌ಗೆ ಬೀಳುತ್ತದೆ ಎಂದು ಬಾಯಿಪಾಠವಾಗಿದ್ದರೂ, ಅದನ್ನು ಕಣ್ಣಾರೆ ಕಂಡು ಎಲ್ಲರೂ ಒಂದೇ ಮಿಷನ್ ಸುತ್ತ ಮುತ್ತಿಕೊಂಡಿದ್ದೆವು. 40320ರಿಂದ 65536 ಕಳೆದು ನೋಡ್ರೋ ಎಂದು ಯಾರೋ ಕೂಗಿದರು. ಕಳೆದೆವು, ತಾಳೆಯಾಯಿತು. ಆ ಸಂಜೆಯ ಸಂತೋಷವನ್ನು ನಾನು ಮತ್ತೆ ಯಾವ ಆಫೀಸಿನಲ್ಲೂ ಕಂಡಿಲ್ಲ. ಲಾಂಗ್‌ಇಂಟ್ ಹಾಕಿದ್ದಕ್ಕೆ ಹನ್ನೆರಡರವರೆಗೂ ಸಲೀಸಾಗಿ ಓಡಿತು.

ಆಬ್ಜೆಕ್ಟ್ ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ. 1989ರಲ್ಲಿ 5.5ನೇ ಆವೃತ್ತಿಯಿಂದಲೇ ಬೋರ್ಲೆಂಡ್ ಕಂಪನಿ ಅದನ್ನು ಕೊಟ್ಟಿತ್ತು. ಸೀನಿಯರ್ ಒಬ್ಬರು ಫ್ಲಾಪಿಯಲ್ಲಿ ಒಂದು ಉದಾಹರಣೆ ತಂದುಕೊಟ್ಟರು. ರೆಕಾರ್ಡಿನೊಳಗೇ ಪ್ರೊಸೀಜರ್ ಇಡಬಹುದು ಎಂಬುದೇ ನಮಗೆ ದೊಡ್ಡ ಅಚ್ಚರಿ. ತಂದೆ ಟೈಪಿನ ವೇರಿಯಬಲ್‌ಗೆ ಮಗುವಿನ ಟೈಪಿನದನ್ನು ಹಾಕಬಹುದು, ತಿರುಗಿಸಿ ಹಾಕುವಂತಿಲ್ಲ, ಏಕೆ? ಹಾಕಿದಾಗ ಮಗುವಿನ ಹೆಚ್ಚುವರಿ ಫೀಲ್ಡುಗಳು ಎಲ್ಲಿ ಹೋದವು? ಕನ್‌ಸ್ಟ್ರಕ್ಟರ್ ಕರೆಯದೆ ವರ್ಚುಯಲ್ ಮೆಥಡ್ ಕರೆದರೆ ಮಿಷನ್ ಕಲ್ಲಿನಂತೆ ನಿಂತುಬಿಡುವುದೇಕೆ? ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ಇಡೀ ಭಾನುವಾರ ಹೋಯಿತು. ಯಾವ ಮೆಥಡ್ ಎಲ್ಲಿದೆ ಎಂದು ಹೇಳುವ ಪಟ್ಟಿಯ ವಿಳಾಸವನ್ನು ಆಬ್ಜೆಕ್ಟಿನೊಳಗೆ ಬರೆದಿಡುವುದೇ ಕನ್‌ಸ್ಟ್ರಕ್ಟರ್. ಅದಿಲ್ಲದಿದ್ದರೆ ಪ್ರೋಗ್ರಾಮ್ ಮೆಮೊರಿಯಲ್ಲಿ ಎಲ್ಲಿಗಾದರೂ ಜಿಗಿಯಬಹುದು. ರೇಂಜ್ ಚೆಕಿಂಗ್ ಆನ್ ಮಾಡಿಟ್ಟರೆ ಹಾಗೆ ಜಿಗಿಯುವ ಮೊದಲೇ ರನ್‌ಟೈಮ್ ಎರರ್ 210 ಎಂದು ಎಚ್ಚರಿಸುತ್ತದೆ.

ಓದು ಮುಗಿದು ಚದುರಿಹೋದೆವು. 1995ರ ಫೆಬ್ರವರಿಯಲ್ಲಿ ಡೆಲ್ಫಿ ಬಂತು, ಅದರಲ್ಲಿ ‘ಕ್ಲಾಸ್’. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಗೆಳತಿ ಇನ್‌ಲ್ಯಾಂಡ್ ಲೆಟರಿನಲ್ಲಿ ಪುಟ್ಟ ಅಕ್ಷರದಲ್ಲಿ ಕೋಡ್ ಬರೆದು ಕಳಿಸಿದ್ದಳು, ಮಡಿಸಿ ಅಂಟಿಸುವ ಅಂಚಿನವರೆಗೂ. ಒಂದನ್ನು ಇನ್ನೊಂದಕ್ಕೆ ಹಾಕಿ, ಒಂದನ್ನು ಬದಲಿಸಿದರೆ ಎರಡೂ ಬದಲಾಗ್ತಾ ಇದೆ, ನಮ್ಮ ಕಾಲೇಜಿನ ಆಬ್ಜೆಕ್ಟ್ ಹೀಗಿರಲಿಲ್ಲವಲ್ಲೋ ಎಂಬುದು ಅವಳ ಪ್ರಶ್ನೆ. ಹಳೆಯ ಆಬ್ಜೆಕ್ಟನ್ನು ಅಸೈನ್ ಮಾಡಿದರೆ ಒಳಗಿನ ಸರಕೆಲ್ಲ ನಕಲಾಗುತ್ತಿತ್ತು. ಕ್ಲಾಸಿನಲ್ಲಿ ನಕಲಾಗುವುದು ವಿಳಾಸ ಮಾತ್ರ, ಆದ್ದರಿಂದಲೇ ಕ್ರಿಯೇಟ್ ಮಾಡಬೇಕು, ಮುಗಿದ ಮೇಲೆ ಫ್ರೀ ಮಾಡಬೇಕು ಎಂದು ಉತ್ತರ ಬರೆದೆ. ಇಂದಿನ ಫ್ರೀ ಪ್ಯಾಸ್ಕಲ್‌ನಲ್ಲಿ ಎರಡೂ ಬಗೆ ಉಳಿದುಕೊಂಡಿವೆ, ಎರಡನ್ನೂ ಬರೆದು ನೋಡಬಹುದು.

ಟರ್ಬೋ ಪ್ಯಾಸ್ಕಲ್ ಕಂಪೈಲರ್ ಬರೆದ ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್ ಆಮೇಲೆ ಡೆಲ್ಫಿಯನ್ನೂ ರೂಪಿಸಿ ಮೈಕ್ರೋಸಾಫ್ಟ್ ಸೇರಿದರು. ಅಲ್ಲಿ ಸಿ ಶಾರ್ಪ್, ಮುಂದೆ 2012ರಲ್ಲಿ ಟೈಪ್‌ಸ್ಕ್ರಿಪ್ಟ್. ಟೈಪ್‌ಸ್ಕ್ರಿಪ್ಟ್‌ನಲ್ಲಿ ಲೆಕ್ಕಕ್ಕೆ ಬರುವುದು ಹೆಸರಲ್ಲ, ಆಕಾರ. ಎರಡು ಟೈಪುಗಳ ಫೀಲ್ಡುಗಳು ಒಂದೇ ಆಗಿದ್ದರೆ ಒಂದರ ಜಾಗದಲ್ಲಿ ಇನ್ನೊಂದು ನಡೆಯುತ್ತದೆ. ಹಾಸನದ ಗೆಳೆಯನ ಅಂದಿನ ಅಹವಾಲನ್ನು ಅದೇ ಮನುಷ್ಯ ಈ ಭಾಷೆಯಲ್ಲಿ ಒಪ್ಪಿಕೊಂಡಂತಾಯಿತು! ಕಳೆದ ಸಲ ಅವನ ಮನೆಗೆ ಹೋದಾಗ ಇದನ್ನು ಹೇಳಿದೆ, ಗೆದ್ದೆಯಲ್ಲೋ ಎಂದೆ.

ಅವನು ಒಪ್ಪಲಿಲ್ಲ. “ಸೈಟಿಗೂ ಉದ್ದ ಅಗಲ ಇದೆ, ಪಂಚೆಗೂ ಉದ್ದ ಅಗಲ ಇದೆ. ಸೈಟು ಕೇಳೋ ಫಂಕ್ಷನ್ನಿಗೆ ಪಂಚೆ ಕೊಟ್ಟರೂ ಸುಮ್ಮನೆ ತಗೊಂಡುಬಿಡುತ್ತಾ ಅದು? ಮೇಷ್ಟ್ರು ಹೇಳಿದ್ದೇ ಸರಿ ಕಣೋ” ಎಂದು ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡು ಎರಡು ರೆಕಾರ್ಡ್ ಬರೆಯತೊಡಗಿದ.