ಮೆಟ್ರಿಗೆ ಹೋಗುವ ದಾರಿ

ಯಂತ್ರಗಳು ದೂರವನ್ನು ಕುಗ್ಗಿಸಿವೆ. ಬೆಂಗಳೂರಿನಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗಿನ ಕಾಫಿಯ ಹೊತ್ತಿಗೆ ಹೊಸಪೇಟೆಯಲ್ಲಿ ಇಳಿಯುತ್ತಾರೆ. ಕಂಪ್ಲಿ ತಾಲ್ಲೂಕಿನ ಮೆಟ್ರಿಯಲ್ಲಿ ಹುಟ್ಟಿ, ಉದ್ಯೋಗಕ್ಕಾಗಿ ರಾಜಧಾನಿ ಸೇರಿದ ತಂದೆಗೆ ಹುಟ್ಟೂರು ಒಂದು ರಾತ್ರಿಯ ನಿದ್ದೆಯಷ್ಟೇ ದೂರ. ಅಜ್ಜಿಯ ಮುಖವಂತೂ ಮೊಮ್ಮಕ್ಕಳಿಗೆ ಅಂಗೈಯಗಲದ ಗಾಜಿನ ಮೇಲೆ ಬೇಕೆಂದಾಗ ಕಾಣುತ್ತದೆ. ಆದರೂ ಮಕ್ಕಳು ಊರಿನಿಂದ ದೂರವಾಗುತ್ತಿದ್ದಾರೆಂಬ ಅಳುಕು ಅಂಥ ತಂದೆಯನ್ನು ಬಿಡದು. “ಊಟ ಆತೇನು, ಕೂಸೇ?” “ಆಯ್ತು, ಅಜ್ಜಿ.” ಮಾತು ಅಲ್ಲಿಗೇ ನಿಲ್ಲುತ್ತದೆ.

ಇದರ ದೋಷವನ್ನೆಲ್ಲ ಫೋನಿನ ತಲೆಗೆ ಕಟ್ಟುವುದು ಸುಲಭ. ಆದರೆ ಮೆಟ್ರಿಯ ದಾರಿಯಲ್ಲಿ ಸಿಕ್ಕುವ ಎರಡು ತಾಣಗಳು ಬೇರೆ ಮಾತನ್ನೇ ಹೇಳುತ್ತವೆ.

ಹೊಸಪೇಟೆಯ ಪಕ್ಕದಲ್ಲಿ ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಕೆಲಸ ಆರಂಭವಾಗಿ, 1953ರಲ್ಲಿ ಕಾಲುವೆಗೆ ನೀರು ಬಿಡಲಾಯಿತು. ಫೋನಿನ ನಕಾಶೆಯಲ್ಲಿ ಜಲಾಶಯವು ನೀಲಿಯ ಒಂದು ಹರವು, ಅಷ್ಟೆ. ಆ ನೀಲಿಯ ಅಡಿಯಲ್ಲಿ ಸುಮಾರು 90 ಹಳ್ಳಿಗಳ ಮನೆ, ಹೊಲ, ಗುಡಿಗಳಿವೆಯೆಂದು ಅದು ತಾನಾಗಿ ಹೇಳದು. ನಾರಾಯಣದೇವರಕೆರೆಯ ಜನ ಎದ್ದುಹೋಗಿ ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಒಲೆ ಹೂಡಿದರು. ಯಾರದೋ ಅಂಗಳ ಮುಳುಗಿದ್ದರಿಂದ ಮತ್ತಾರದೋ ಗದ್ದೆ ಹಸಿರಾಯಿತು. ತಟ್ಟೆಯಲ್ಲಿನ ಅನ್ನದ ಹಿಂದೆ ಈ ಋಣವಿದೆಯೆಂದು ಮಗುವಿಗೆ ತಿಳಿಯಬೇಕಾದರೆ ಪಕ್ಕದಲ್ಲಿ ನಿಂತು ಹೇಳುವವರು ಬೇಕು.

2024ರ ಆಗಸ್ಟ್ 10ರ ರಾತ್ರಿ ಈ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ ಕಣ್ಣೆದುರಿಗೇ ಬರಿದಾಗುವುದೇನೋ ಎಂದು ಬಯಲಿನ ರೈತರು ದಿಗಿಲುಗೊಂಡರು. ಸುದ್ದಿಯೇನೋ ಕ್ಷಣಮಾತ್ರದಲ್ಲಿ ಎಲ್ಲರ ಫೋನಿಗೂ ಬಂದಿತು. ನೀರನ್ನು ತಡೆದದ್ದು ಮಾತ್ರ ಮನುಷ್ಯರ ಕೈ. ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಒಂದೊಂದಾಗಿ ಇಳಿಸಿ, ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಹಿರಿಯರು ಕಟ್ಟಿಟ್ಟದ್ದನ್ನು ಕಿರಿಯರು ಕಾಯದಿದ್ದರೆ ಅದು ಉಳಿಯದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಅಲ್ಲಿಂದ ಹಂಪಿ. ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆಯ ಕೋಣೆಯಲ್ಲಿ, ಚಿಕ್ಕದೊಂದು ಕಿಂಡಿಯಿಂದ ಬಂದ ಬೆಳಕು ಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಮಗನ ಕೈಯಲ್ಲಿರುವ ಫೋನಿನ ಕ್ಯಾಮರಾದೊಳಗೂ ಬಿಂಬ ಹೀಗೆಯೇ ತಲೆಕೆಳಗಾಗಿ ಬೀಳುತ್ತದೆ. ಇಷ್ಟನ್ನು ತಂದೆ ಹೇಳಿಕೊಟ್ಟರೆ ಸಾಕು, ಹುಡುಗ ಅಂಗೈಯನ್ನು ಬೆಳಕಿಗೆ ಒಡ್ಡಿ ಗೋಪುರವನ್ನು ಹಿಡಿಯಲು ನೋಡುತ್ತಾನೆ! ಮಹಾನವಮಿ ದಿಬ್ಬದ ಸಮೀಪದಲ್ಲಿ 1980ರ ದಶಕದ ಉತ್ಖನನದಿಂದ ಬೆಳಕು ಕಂಡ ಮೆಟ್ಟಿಲುಗಳ ಪುಷ್ಕರಣಿಯಿದೆ. ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿಗೆ ಸೇರಬೇಕೆಂಬ ಗುರುತು ಅದರ ಕಲ್ಲುಗಳ ಮೇಲೆಯೇ ಇದೆ. ಶಿಲ್ಪಿಗಳ ಆ ಗುರುತನ್ನು ಹುಡುಕುವುದು ಮಕ್ಕಳಿಗೆ ಯಾವ ಆಟಕ್ಕೂ ಕಡಮೆಯಲ್ಲ. ವಿಜಯನಗರದ ಕಾಲದ ತುರ್ತು ಕಾಲುವೆಯಂತೂ ಇಂದಿಗೂ ಹರಿಯುತ್ತ ಬಾಳೆ, ಭತ್ತಗಳಿಗೆ ನೀರುಣಿಸುತ್ತಿದೆ.

ಕಡೆಗೆ ಮೆಟ್ರಿ. ಪ್ರವಾಸಿಗಳ ಕೈಪಿಡಿಗಳಲ್ಲಿ ಈ ಹೆಸರು ಕಾಣುವುದು ಅಪರೂಪ. ಹಂಪಿಯನ್ನು ಎರಡು ದಿನ ನೋಡಿ, ಊರಿಗೆ ಒಂದು ಗಳಿಗೆ ಬಂದು ಹೋಗುವುದು ಈಗಿನ ವಾಡಿಕೆ. ಆದರೆ ಮಕ್ಕಳಿಗೆ ಬೇರೆಲ್ಲಿಯೂ ದೊರೆಯದ್ದು ಇಲ್ಲಿನ ಕಟ್ಟೆಯ ಮೇಲೆ ದೊರೆಯುತ್ತದೆ. ಮನೆಗೆ ಮೊದಲು ವಿದ್ಯುದ್ದೀಪ ಬಂದದ್ದು, ಎತ್ತಿನ ಗಾಡಿಯಲ್ಲಿ ಕಂಪ್ಲಿಗೆ ಹೋಗುತ್ತಿದ್ದುದು, ಮಳೆ ಕೈಕೊಟ್ಟ ವರ್ಷ ಹೊಟ್ಟೆಗೆ ಏನಿತ್ತೆಂಬುದು, ಇವೆಲ್ಲ ಅಜ್ಜಿಗೆ ಮಾತ್ರ ಗೊತ್ತು. ಕೇಳುವವರು ಇಲ್ಲದಿದ್ದರೆ ಅವು ಆಕೆಯೊಡನೆಯೇ ಹೋಗುತ್ತವೆ.

ಫೋನಿಗೆ ಇಲ್ಲಿಯೂ ಕೆಲಸವುಂಟು. ಅಜ್ಜಿಯ ಮಾತನ್ನು ಆಕೆಯ ದನಿಯಲ್ಲಿಯೇ ಹಿಡಿದಿಡುವ ಭಾಗ್ಯ ಹಿಂದಿನ ಯಾವ ತಲೆಮಾರಿಗೂ ಇಷ್ಟು ಸುಲಭವಾಗಿ ದಕ್ಕಿರಲಿಲ್ಲ. ಆದರೆ ಮೊದಲ ಪ್ರಶ್ನೆಯನ್ನು ಮಗುವೇ ಕೇಳಬೇಕು. ಕೇಳಲು ಕಲಿಸುವ ಕೆಲಸ ತಂದೆತಾಯಿಗಳದು. ಹಾಗೆ ಕೇಳಿ ಬೆಂಗಳೂರಿಗೆ ಮರಳಿದ ಮಗು ಮುಂದಿನ ಸಲ ಫೋನಿನಲ್ಲಿ “ಆಯ್ತು, ಅಜ್ಜಿ” ಎಂದು ಸುಮ್ಮನಾಗದು, “ಆಮೇಲೇನಾಯ್ತು?” ಎನ್ನುತ್ತದೆ.